ಗಂಟು ಹಾಗೇ ಇತ್ತು

ದೆವ್ವ ಕಂಡೆ, ದೇವರು ಬಂದು ಕೈ ಹಿಡಿದ ಅಂತ ಕಥೆ ಹೇಳೋರನ್ನ ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಚಾಮರಾಜನಗರದ ಒಂದು ಕಚೇರಿಯಲ್ಲಿ ಕ್ಲರ್ಕ್ ಕೆಲಸ ನನ್ನದು. ಮಧ್ಯಾಹ್ನ ಊಟದ ಹೊತ್ತಲ್ಲಿ ಯಾರಾದರೂ ಇಂಥದ್ದು ತೆಗೆದರೆ ಡಬ್ಬಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನ ಹೇಳೋಕೆ ಕೂತಿದ್ದೇನೆ. ನಂಬೋದು ಬಿಡೋದು ನಿಮಗೆ ಸೇರಿದ್ದು. ಆದರೆ ಓದಿ ಮುಗಿಸಿ ಕೈ ಮುಗಿಯಬೇಡಿ. ಕೈ ಮುಗಿದವರನ್ನ ನೋಡಿ ನೋಡಿ ನನಗೆ ಸಾಕಾಗಿದೆ.

ಐದು ವರ್ಷದ ಹಿಂದಿನ ಬೇಸಿಗೆ ರಜೆ. ಮಕ್ಕಳು ಸಮುದ್ರ ನೋಡಲೇಬೇಕು ಅಂತ ಹಟ ಹಿಡಿದವು. ನಮ್ಮೂರು ಭೀಮನಬೀಡು. ಕೆರೆ ಕಂಡವರು ನಾವು, ಸಮುದ್ರ ಕಂಡವರಲ್ಲ. ನಮ್ಮ ಭಾವ, ಅಂದರೆ ನಮ್ಮ ಯಜಮಾನರ ಅಣ್ಣ, ಆಗಷ್ಟೇ ಹಳೇ ವ್ಯಾನೊಂದು ತಗೊಂಡಿದ್ದರು. ಅದನ್ನ ಓಡಿಸಿ ತೋರಿಸೋ ಚಪಲ ಅವರಿಗೆ. "ಬೆಳಗ್ಗೆ ಆರಕ್ಕೆ ಕಾಡಿನ ಮದ್ದೂರು ಗೇಟ್ ತಗೀತರೆ. ರಾತ್ರಿ ಒಂಬತ್ತಕ್ಕೆ ಮುಚ್ಚೋದ್ರೊಳ್ಗೆ ಈಚೆಗ್ ಬಂದ್ಬುಡನ" ಅಂದರು. ಭಾವ, ಓರಗಿತ್ತಿ, ನಾವಿಬ್ಬರು, ನಾಲ್ಕು ಮಕ್ಕಳು. ಎಲ್ಲರಿಗಿಂತ ಚಿಕ್ಕವಳು ನನ್ನ ಮಗಳು ಚಿನ್ನು. ಆಗ ಅವಳಿಗೆ ಮೂರು ವರ್ಷ.

ಕಾಡು ದಾಟಿ, ವಯನಾಡಿನ ಘಾಟಿ ಇಳಿದು, ಮಕ್ಕಳೆಲ್ಲ ಸರದಿ ಮೇಲೆ ವಾಂತಿ ಮಾಡಿ, ಕ್ಯಾಲಿಕಟ್ ಕಡೆಯ ಒಂದು ಸಣ್ಣ ಬೀಚ್ ಮುಟ್ಟುವಾಗ ಹನ್ನೊಂದೂವರೆ. ಜನ ಇರಲಿಲ್ಲ. ಮೇಲೆ ರಸ್ತೆ ಪಕ್ಕ ಒಂದು ಚಹಾ ಅಂಗಡಿ, ಅಷ್ಟೇ. ಮಕ್ಕಳು ಮನಸೋ ಇಚ್ಛೆ ನೀರಾಡಿದವು. ಒಣಗಿದ ಫ್ರಾಕ್ ಹಾಕಿದ್ದೇ ತಡ, ಚಿನ್ನು ನನ್ನ ಹೆಗಲ ಮೇಲೇ ನಿದ್ದೆ ಹೋದಳು.

ಮೇಲಿನ ಮರಳು ಕಾದ ಬಾಣಲೆಯ ಹಾಗೆ ಸುಡುತ್ತಿತ್ತು. ನೀರಿನಿಂದ ಹತ್ತು ಹದಿನೈದು ಮಾರು ಈಚೆ ಒಂದು ದೋಣಿ ನಿಂತಿತ್ತು. ಅದರ ನೆರಳು ತಂಪಾಗಿತ್ತು. ನಮ್ಮ ಕಡೆ ಹೊಲದಲ್ಲಿ ಕಳೆ ಕೀಳೋ ಹೆಂಗಸರು ಕೂಸನ್ನ ಮರದ ಬುಡದಲ್ಲಿ ಮಲಗಿಸಿ, ಸೊಂಟಕ್ಕೆ ನೂಲಿನ ಹಗ್ಗ ಸುತ್ತಿ ಮರಕ್ಕೆ ಕಟ್ಟುತ್ತಾರೆ. ಎದ್ದು ಬಾವಿ ಕಡೆ ಹೋಗದಿರಲಿ ಅಂತ. ನಮ್ಮವ್ವ ನನ್ನನ್ನೂ ಹಾಗೇ ಕಟ್ಟಿ ಬೆಳೆಸಿದ್ದು. ದೋಣಿ ಕಟ್ಟೋ ಗೂಟ ಪಕ್ಕದಲ್ಲೇ ಇತ್ತು. ಚೀಲ ಕಟ್ಟಿದ್ದ ಹಗ್ಗ ಬಿಚ್ಚಿ ತಂದು ಒಂದು ತುದಿ ಮಗಳ ಸೊಂಟಕ್ಕೆ, ಒಂದು ತುದಿ ಗೂಟಕ್ಕೆ ಕಟ್ಟಿದೆ. ಎರಡೂ ಗಂಟು ಹಾಕಿದ್ದು ನಾನೇ. ಕೆರೆ ನೀರು ಇದ್ದಲ್ಲೇ ಇರುತ್ತೆ. ಸಮುದ್ರ ಎದ್ದು ಬರುತ್ತೆ ಅಂತ ನನಗೇನು ಗೊತ್ತು? ಗೊತ್ತಿರಬೇಕಿತ್ತು. ಓದಿದವಳು ತಾನೆ ನಾನು?

ಅವಳ ಪಕ್ಕದಲ್ಲೇ ಕೂತಿದ್ದೆ. ಅಷ್ಟರಲ್ಲಿ ಭಾವನ ಕೂಗು. ನೆರಳಿಗೆ ನಿಲ್ಲಿಸ್ತೀನಿ ಅಂತ ಹೋಗಿ ವ್ಯಾನನ್ನ ಮರಳಲ್ಲಿ ಹೂತುಕೊಂಡಿದ್ದರು. "ಎಲ್ರೂ ಬನ್ರವ್ವ, ಒಸಿ ತಳ್ಳಿ!" ನಾನು ಏಳಲಿಲ್ಲ. ನಮ್ಮ ಯಜಮಾನರು ಬಂದು, "ಕೂಸು ಮಲ್ಗ್ಯದೆ ಕಣೆ, ಕಟ್ಟಿದ್ದೀಯಲ್ಲ, ಏನಾದದು? ಬಾ" ಅಂದರು. ಹೋದೆ. ಯಾಕೆ ಹೋದೆ ಅಂತ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತೆ.

ವ್ಯಾನ್ ಇದ್ದದ್ದು ಮರಳ ದಿಬ್ಬದ ಆಚೆ. ಅಲ್ಲಿಂದ ದೋಣಿ ಕಾಣುತ್ತಿರಲಿಲ್ಲ. ಐದು ನಿಮಿಷ ಅಂದದ್ದು ಗಂಟೆ ಮೇಲಾಯಿತು. ಚಕ್ರಕ್ಕೆ ಕಲ್ಲು ಕೊಟ್ಟೆವು, ತೆಂಗಿನ ಗರಿ ಕೊಟ್ಟೆವು. ಮಿಕ್ಕ ಮೂರು ಮಕ್ಕಳೂ ನಮ್ಮ ಜೊತೆಗೇ ಇದ್ದವು. ಭಾವ ಸ್ಟೇರಿಂಗ್ ಹಿಡಿದು ಕೂತು, "ಅನ್ನ ತಿನ್ನಾಕಿಲ್ವಾ, ತಳ್ಳಿ!" ಅಂತ ನಮ್ಮನ್ನೇ ಗದರುತ್ತಿದ್ದರು. ಓರಗಿತ್ತಿಯ ಪಕ್ಕದಲ್ಲಿ ನಾನು. ನನ್ನ ಗಾಜಿನ ಬಳೆ ಒಡೆದು ಅವಳ ಮಣಿಕಟ್ಟು ಗೀರಿತು. ಆ ಗೀರು ಇನ್ನೂ ಇದೆ. ನಾನು ಅಲ್ಲೇ ಇದ್ದೆ, ಒಂದು ಹೆಜ್ಜೆ ಆ ಕಡೆ ಈ ಕಡೆ ಹೋಗಲಿಲ್ಲ ಅನ್ನೋದಕ್ಕೆ ಅವಳೇ ಸಾಕ್ಷಿ.

ವ್ಯಾನ್ ಎದ್ದ ಮೇಲೆ ದಿಬ್ಬ ಹತ್ತಿ ನೋಡಿದೆ. ದೋಣಿಯ ಸುತ್ತ ನೀರು. ಗೂಟದ ತಲೆ ಮಾತ್ರ ಕಾಣುತ್ತಿತ್ತು.

ಹೇಗೆ ಓಡಿದೆನೋ ಗೊತ್ತಿಲ್ಲ. ತೊಡೆಮಟ್ಟ ನೀರಲ್ಲಿ ಕೈ ಹಾಕಿ ಹಗ್ಗ ಹುಡುಕಿ ಎಳೆದೆ. ಭಾರವೇ ಇಲ್ಲದೆ ಬಂತು. ತುದಿಯಲ್ಲಿ ಸೊಂಟದ ಸುತ್ತು ಹಾಗೇ ಇತ್ತು. ಗಂಟು ಹಾಗೇ ಇತ್ತು. ಮಗು ಇರಲಿಲ್ಲ.

ನಾನು ಕಿರುಚಿದ್ದಕ್ಕೆ ತಲೆ ಮೇಲಿಂದ "ಅಮ್ಮಾ" ಅಂತ ಬಂತು. ದೋಣಿಯೊಳಗೆ ಬಲೆಯ ರಾಶಿ ಮೇಲೆ ಕೂತಿದ್ದಳು ಚಿನ್ನು. ದೋಣಿಯ ಅಂಚು ನನ್ನ ಕುತ್ತಿಗೆ ಎತ್ತರ. ಅವಳ ಫ್ರಾಕಿನ ಮೇಲೆ ಒಂದು ಹನಿ ನೀರಿರಲಿಲ್ಲ. ಮುಖ ಊದಿಸಿಕೊಂಡು ನನ್ನನ್ನೇ ದಬಾಯಿಸಿದಳು: "ನನ್ ಎತ್ತಿ ಕೂರ್ಸ್ಬುಟ್ಟು ಎಲ್ಗೋಗಿದ್ದೆ ನೀನು?"

ನೀವು ಕೇಳೋದನ್ನೆಲ್ಲ ನಾನೂ ಕೇಳಿಕೊಂಡಿದ್ದೇನೆ. ಯಾರೋ ಮೀನಿನವರು ಎತ್ತಿರಬೇಕು. ಚಹಾ ಅಂಗಡಿಯವನನ್ನ ಕೇಳಿದರೆ, ನಿಮ್ಮವರು ಬಿಟ್ಟು ಯಾರೂ ಕೆಳಗಿಳಿಯಲಿಲ್ಲ ಅಂದ. ಇಳಿದರು ಅಂತಲೇ ಇಟ್ಟುಕೊಳ್ಳಿ, ಮಗು ಮುಳುಗೋ ಹೊತ್ತಲ್ಲಿ ಗಂಟು ಬಿಚ್ಚಿದವರು ಮತ್ತೆ ಅದೇ ಗಂಟು ಹಾಕಿಟ್ಟು ಹೋಗ್ತಾರಾ? ಜಾರಿ ಬಂದಿರಬೇಕು ಅಂತೀರಾ, ಸರಿ. ಮೂರು ವರ್ಷದ ಕೂಸು ಅಷ್ಟೆತ್ತರ ಹತ್ತಿದ್ದು ಹೇಗೆ? ನೆನೆಯದೆ ಹತ್ತಿದ್ದು ಹೇಗೆ? ನನಗೆ ಗೊತ್ತಿಲ್ಲ.

ನನ್ನ ಸಿಟ್ಟು ಅದಕ್ಕಲ್ಲ. ಭಾವ ಸಮುದ್ರಕ್ಕೇ ಕೈ ಮುಗಿದು, "ದೇವ್ರು ದೊಡ್ಡೋನು ಕಣ್ಲಾ" ಅಂತ ತಮ್ಮನ ಬೆನ್ನು ತಟ್ಟಿದರು. ಎರಡನೇ ಮಾತೇ "ಬೇಗ ವ್ಯಾನ್ ಅತ್ತಿ, ಗೇಟ್ ಮುಚ್ತರೆ." ಯಜಮಾನರು ದಾರಿಯುದ್ದಕ್ಕೂ ಹೇಳಿದ್ದು ಒಂದೇ: "ಏನೂ ಆಗ್ನಿಲ್ವಲ್ಲ, ಬುಡು." ಏನೂ ಆಗಲಿಲ್ಲವಂತೆ! ಮಗು ಹತ್ತಿರ ಇದ್ದವಳನ್ನ ಯಾಕೆ ಎಬ್ಬಿಸಿದೆ ಅಂತ ಒಬ್ಬರಾದರೂ ತಮ್ಮನ್ನ ತಾವು ಕೇಳಿಕೊಳ್ಳಲಿಲ್ಲ. ದೇವರು ಒಳ್ಳೇ ಪೊರಕೆ ಇವರಿಗೆ, ಎಲ್ಲರ ಕಸವನ್ನೂ ಗುಡಿಸಿಬಿಡುತ್ತಾನೆ. ಊರಿಗೆ ಬಂದು ತೆಂಗಿನಕಾಯಿ ಒಡೆದರು. ನಾನು ಪ್ರಸಾದ ಮುಟ್ಟಲಿಲ್ಲ. ಕೊಬ್ಬಿದವಳು ಅನ್ನಿಸಿಕೊಂಡೆ.

ಚಿನ್ನುಗೆ ಈಗ ಎಂಟು. ಆ ದಿನದ ಬೇರೆ ಯಾವುದೂ ಅವಳಿಗೆ ನೆನಪಿಲ್ಲ. "ನಮ್ಮಮ್ಮ ನನ್ನ ಸಮುದ್ರದಿಂದ ಎತ್ತುದ್ಲು" ಅನ್ನೋದೊಂದೇ. ಬೀದಿಗೆಲ್ಲ ಹೇಳಿಕೊಂಡು ಬರುತ್ತಾಳೆ. ಮೊನ್ನೆ ತಲೆ ಬಾಚುವಾಗ ಮತ್ತೆ ಶುರು ಮಾಡಿದಳು. ಬಾಚಣಿಗೆ ಎಸೆದುಬಿಟ್ಟೆ. "ನಾನಲ್ಲ ಕಣಮ್ಮಿ! ನಿನ್ನ ಕಟ್ಟಿದ್ದು ನಾನು. ಕಟ್ಬುಟ್ಟು ವ್ಯಾನ್ ತಳ್ಳಕೆ ಹೋಗಿದ್ದೆ. ನಾನು ಬರಲೇ ಇಲ್ಲ!"

ಅಳುತ್ತಾಳೆ ಅಂದುಕೊಂಡೆ. ಅವಳು ನಕ್ಕಳು. "ಓಗಮ್ಮ, ಸುಳ್ಳು. ನೀನೇ. ತಪ್ಪಾಯ್ತು ಕಣವ್ವ, ತಪ್ಪಾಯ್ತು ಕಣವ್ವ ಅಂತ ಅಳ್ತಾ ಅಳ್ತಾ ಎತ್ತುದ್ದೆ."

ಭಾವನ ಮೇಲೆ ಕೂಗಾಡಿದ್ದೇನೆ, ಗಂಡನ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದೇನೆ. ಆದರೆ ಆ ಮಾತು, ತಪ್ಪಾಯ್ತು ಅನ್ನೋ ಮಾತು, ನನ್ನ ಮಗಳಿಗೆ ನಾನು ಆವತ್ತು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ನನಗಿಂತ ಮುಂಚೆ ಬಂದು ಅದನ್ನ ಹೇಳಿ ಹೋದವಳು ಯಾರು ಅಂತ ನನಗೆ ಗೊತ್ತಿಲ್ಲ. ಅವಳ ಮೇಲೂ ನನಗೆ ಸಿಟ್ಟಿದೆ.