ಊರು ಎಣಿಸದೆ ಬಿಟ್ಟ ವರ್ಷ

ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಎಲ್ಲ ಕೆಟ್ಟಿತು. ಗೋಡೆಯ ಮುಂದೆ ನಿಂತು ಓದುತ್ತಿದ್ದ ಹುಡುಗಿ ಒಂದು ಸಾಲು ಮುಗಿಸಿ ಉಸಿರೆಳೆದುಕೊಂಡಾಗ ನಾನು ಗಡಿಯಾರ ನೋಡಿದೆ. ಮುಂದಿನ ಸಾಲನ್ನು ಅವಳು ಗಟ್ಟಿಯಾಗಿ ಓದಿದಳು: ‘ಕಣಕ್ಕೆ ಬೆಂಕಿ ಬಿದ್ದ ವರ್ಷ.’ ಎದುರಿಗೆ ಕೂತಿದ್ದವರಲ್ಲಿ ಒಬ್ಬ ಎದ್ದು ನಿಂತ.

ಜತ್ತ ಸಂಸ್ಥಾನ ವಿಲೀನವಾಗಿ ಮೂರು ನಾಲ್ಕು ವರ್ಷಗಳಾಗಿದ್ದವು. ವಿಜಾಪುರದಲ್ಲಿ ಇತಿಹಾಸ ಓದಿ ಬಂದ ನಾನು ಉಮದಿಯ ಆಚೆ ಒಂದು ಊರಿನಲ್ಲಿ ಮಾಸ್ತರನಾಗಿದ್ದೆ. ಶಾಲೆಯ ಹಿಂದಿನ ಬಂಡಿ ಕೊಟ್ಟಿಗೆಯನ್ನು ಮಕ್ಕಳಿಗಾಗಿ ವಸ್ತುಸಂಗ್ರಹಾಲಯ ಮಾಡೋಣವೆಂದು ಹೆಡ್‌ಮಾಸ್ತರರು ಹೇಳಿದಾಗ ಕೆಲಸ ನನ್ನ ಪಾಲಿಗೆ ಬಂತು. ಸುಣ್ಣದ ಗೋಡೆಯ ಉದ್ದಕ್ಕೂ ಕೆಮ್ಮಣ್ಣಿನ ಗೆರೆ ಎಳೆದೆ. ಗೆರೆಯ ಮೇಲೆ ಇಸವಿ, ಕೆಳಗೆ ಹಲಗೆಯ ಮೇಲೆ ಆ ಕಾಲದ ಒಂದು ವಸ್ತು. ಮಕ್ಕಳು ಇಸವಿ ಓದಬೇಕು, ವಸ್ತು ಮುಟ್ಟಬೇಕು.

ರಾಜರ ಇಸವಿಗಳು ಪುಸ್ತಕದಲ್ಲಿದ್ದವು. ಊರಿನವು ಬೇಕಿದ್ದರೆ ಊರನ್ನೇ ಕೇಳಬೇಕಿತ್ತು. ಅಲ್ಲಿ ಯಾರೂ ವಯಸ್ಸನ್ನು ಅಂಕಿಯಲ್ಲಿ ಹೇಳುವುದಿಲ್ಲ. ‘ಪ್ಲೇಗಿನ್ಯಾಗ ಊರ ಬಿಟ್ಟ ಹೊಲದಾಗ ಗುಡಸಲಾ ಹಾಕಿದ್ರಲ್ಲ, ಅದರಾಗ ನಮ್ಮವ್ವ ನನ್ನ ಹಡದ್ಳು’ ಎಂದು ಒಬ್ಬ ಮುದುಕಿ ಹೇಳಿ, ‘ನಿಮ್ಮ ಗ್ವಾಡಿಗೆ ನನ್ನೂ ಮೊಳಿ ಹೊಡದ ತೂಗಹಾಕ್ರಿ ಮಾಸ್ತರ, ನಾನೂ ಹಳೀ ಸಾಮಾನ’ ಎಂದು ನಕ್ಕಿದ್ದಳು.

ಹೀಗೆ ವರ್ಷಗಳನ್ನು ಜೋಡಿಸುತ್ತ ಹೋದಾಗ ಒಂದು ಕಡೆ ಖಾಲಿ ಉಳಿಯಿತು. ಆ ಒಂದು ವರ್ಷವನ್ನು ಎಲ್ಲರೂ ದಾಟಿ ಹೋಗುತ್ತಿದ್ದರು. ಆಗ ಹುಟ್ಟಿದವರನ್ನೂ ‘ಹೊಸ ಬಾವಿಗಿಂತ ಮೊದಲ ಹುಟ್ಟಿದಾವ’ ಎನ್ನುತ್ತಿದ್ದರು. ಸಂತೆಯಲ್ಲಿ ಬಾಳೆಹಣ್ಣು ಮಾರುವ ಬಾಗವಾನನನ್ನು ಕೇಳಿದೆ. ಕಣದಲ್ಲಿ ಬಣವೆಗಳಿಗೆ ಬೆಂಕಿ ಬಿದ್ದು ಒಬ್ಬ ಸತ್ತನೆಂದಷ್ಟೇ ಹೇಳಿದ.

‘ಆ ವರ್ಷ ಬಿಟ್ಟಬಿಡ್ರಿ.’

‘ಯಾಕ?’

‘ಊರ ಬಿಟ್ಟೈತಿ. ನೀವೂ ಬಿಡ್ರಿ.’

ನಾನು ಬಿಡಲಿಲ್ಲ. ಗೆರೆಯಲ್ಲಿ ಸಂದು ಇರಬಾರದೆಂದು ಕಾಲೇಜಿನಲ್ಲಿ ಕಲಿತಿದ್ದೆ. ಯಾರ ಹೆಸರನ್ನೂ ಬರೆಯದಿದ್ದರೆ ಯಾರಿಗೂ ನೋವಿಲ್ಲ ಎಂದುಕೊಂಡೆ. ಚಾವಡಿಯ ಮೂಲೆಯಲ್ಲಿ ಬಿದ್ದಿದ್ದ ಸುಟ್ಟ ಮೇಟಿಯ ತುಂಡನ್ನು, ರಾಶಿ ಮಾಡುವಾಗ ಎತ್ತು ಸುತ್ತುವ ಆ ಕಂಬದ ಅರ್ಧವನ್ನು, ತಂದು ಹಲಗೆಯ ಮೇಲಿಟ್ಟೆ.

ಉದ್ಘಾಟನೆಯ ದಿನ ಸತ್ತವನ ತಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದ. ಅವನಿಂದ ಮಾರು ದೂರದಲ್ಲಿ ಒಬ್ಬ ಹಿರಿಯ. ಹುಡುಗಿ ಓದಿದ ಮೇಲೆ ತಮ್ಮ ಎದ್ದು ಬಂದ.

‘ಬೆಂಕಿ ಹಚ್ಚಿದಾವ ಯಾರಂತ ಬರದಿಲ್ಲಲ್ರಿ ಮಾಸ್ತರ. ನಾ ಹೇಳ್ಲಿ?’

ಅವನು ಮೇಟಿಯ ತುಂಡನ್ನು ಎತ್ತಿಕೊಂಡು ಹಿರಿಯನ ಕಡೆ ತಿರುಗಿದ. ಹಿರಿಯ ಏಳಲಿಲ್ಲ.

‘ಕಿಡಿ ಹಾರಿದ ಚಿಲಿಮಿ ನಂದ. ಇಲ್ಲ ಅಂತ ನಾ ಯಾವತ್ತೂ ಅಂದಿಲ್ಲಪ್ಪ’ ಎಂದ.

ತುಂಡು ಮೇಲೆದ್ದಿತು. ಪಕ್ಕದಲ್ಲಿ ನಿಂತಿದ್ದ ಬಾಗವಾನ ನಡುವೆ ಕೈ ಚಾಚಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನಾನು ಗೋಡೆಗೆ ಬೆನ್ನು ಒತ್ತಿ, ಇಸವಿ ತೋರಿಸುವ ಕೋಲನ್ನು ಹಿಡಿದುಕೊಂಡೇ ನಿಂತಿದ್ದೆ. ಎರಡು ಹೆಜ್ಜೆಯ ದೂರ. ಉಳಿದವರು ತಮ್ಮನನ್ನು ಹಿಡಿದು ಹೊರಗೆ ಒಯ್ದರು.

ಆಮೇಲೆ ತಿಳಿಯಿತು: ಬೆಂಕಿಯಾದ ಮೇಲೆ ಊರ ಪಂಚರು ಕೂಡಿ, ಆ ವರ್ಷವನ್ನು ಯಾರೂ ಬಾಯಿ ಬಿಟ್ಟು ಎಣಿಸಬಾರದು, ಸತ್ತವನ ತಮ್ಮ ಹಗೆ ಸಾಧಿಸಬಾರದು ಎಂದು ಇಬ್ಬರ ಕಡೆಯಿಂದಲೂ ಮಾತು ತೆಗೆದುಕೊಂಡಿದ್ದರು. ಮಾತು ಮುರಿದದ್ದು ನನ್ನ ಗೋಡೆ. ಹಿರಿಯನನ್ನು ಅವತ್ತೇ ಸೊರಡಿಗೆ, ಮಗಳ ಮನೆಗೆ, ಸಾಗಿಸಿದರು. ಆ ದಾರಿಯಲ್ಲಿ ತಮ್ಮನ ಮಕ್ಕಳು ಕೊಡಲಿ ಹಿಡಿದು ಕಾಯುತ್ತಾರೆಂಬ ಸುದ್ದಿ ಹಬ್ಬಿತು. ನಾನು ಕಣ್ಣು ಮುಚ್ಚಿದರೆ ತುಂಡು ಮೇಲೇಳುತ್ತಿತ್ತು, ಈ ಸಲ ನಡುವೆ ಯಾರ ಕೈಯೂ ಬರುತ್ತಿರಲಿಲ್ಲ. ರಾತ್ರಿಗಳು ನಿದ್ದೆಯಿಲ್ಲದೆ ಹೋದವು.

ಆ ಸಾಲಿನ ಮೇಲೆ ಸುಣ್ಣ ಬಳಿದೆ. ಹೊಸ ಸುಣ್ಣ ಉಳಿದ ಗೋಡೆಗಿಂತ ಬೆಳ್ಳಗಾಗಿ ಮೊದಲು ಅದೇ ಕಣ್ಣಿಗೆ ಬೀಳುತ್ತಿತ್ತು. ಕೊನೆಗೆ ತಮ್ಮನ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ.

‘ಕುಂದ್ರಿ. ಅಳಸೀರಂತಲ್ಲ?’

‘ಹೌದು. ತಪ್ಪಾಯಿತು.’

‘ಬರದದ್ದ ಸುಳ್ಳೇನ್ರಿ?’

‘ಅಲ್ಲ.’

‘ಮತ್ಯಾಕ ಅಳಸಿದ್ರಿ?’ ಹಗ್ಗ ನಿಂತಿತು. ‘ಊರ ಬಾಯಿ ಕಟ್ಟಿಸಿ ನಮ್ಮಣ್ಣನ್ನೂ ಹೂಳ್ತು. ನೀವು ಬರದ್ರಿ, ಅದೂ ಬೆಂಕೀನ ಬರದ್ರಿ. ನಮ್ಮಣ್ಣ ಎಲ್ಲದಾನ ಅದರಾಗ?’

ಆಮೇಲೆ ಅವನೇ ಹೇಳಿದ. ಅವನ ಅಣ್ಣ ನಾಲ್ಕು ಜೋಡಿ ಎತ್ತು ಬಿಚ್ಚಿ ಬಿಟ್ಟು, ಐದನೆಯದಕ್ಕೆ ಉರಿಯೊಳಗೆ ಹೋದವನು ಹೊರಗೆ ಬರಲಿಲ್ಲವಂತೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಬಿಳಿ ಸುಣ್ಣದ ಮೇಲೆ ತಮ್ಮ ಹೇಳಿದಂತೆ ಬರೆದೆ: ಎತ್ತು ಬಿಚ್ಚಿದವನ ಹೆಸರು, ಅವನು ತೀರಿಕೊಂಡ ವರ್ಷ. ಬೆಂಕಿಯ ಮಾತೇ ಬೇಡವೆಂದ. ಬಾಗವಾನ ಕೊರಳಿಗೆ ಕೈ ಕಟ್ಟಿಕೊಂಡೇ ಬಂದು ನೋಡಿ, ‘ಹಣ್ಣ ತೂಗೂ ಕೈ ಹೋತು, ಗ್ವಾಡಿ ಚಲೋ ಆತು’ ಎಂದ. ಅವನು ನಕ್ಕ. ನನಗೆ ನಗಲು ಆಗಲಿಲ್ಲ.

ಸುಗ್ಗಿ ಬಂತು. ತಮ್ಮ ತನ್ನ ಕಣದಲ್ಲಿ ಮೇಟಿ ನಿಲ್ಲಿಸುವ ದಿನ ಹಿರಿಯನನ್ನು ಕರೆತರಲು ಸೊರಡಿಗೆ ಬಂಡಿ ಕಳಿಸಿದ. ಹಿರಿಯ ಇಳಿದು ಬಂದು, ಕೊಡಲಿ ಹಿಡಿದಿದ್ದಾರೆಂದು ಸುದ್ದಿಯಾಗಿದ್ದ ತಮ್ಮನ ಮಕ್ಕಳ ನಡುವೆ ನಿಂತು, ಎರಡೂ ಕೈಯಿಂದ ಮೇಟಿ ಹಿಡಿದ. ತಮ್ಮ ಮಣ್ಣು ತುಳಿದು ಬಿಗಿ ಮಾಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಿರಿಯ ಊರಲ್ಲೇ ಉಳಿದ; ಶಾಲೆಯ ಮುಂದಿನ ದಾರಿಯಲ್ಲಿ ಮಾತ್ರ ಮತ್ತೆ ನಡೆಯಲಿಲ್ಲ. ಬಾಗವಾನನ ಮಣಿಕಟ್ಟು ಸೊಟ್ಟಗೇ ಕೂಡಿತು.

ಆ ದಿನ ಕಣದಿಂದ ಬಂದು ಕಂಬಳಿಯ ಮೇಲೆ ಒರಗಿದ ನನ್ನನ್ನು ಮರುದಿನ ಬೆಳಿಗ್ಗೆ ಹಾಲಿನವಳು ಬಾಗಿಲು ಬಡಿದು ಎಬ್ಬಿಸಿದಳು. ‘ಎಷ್ಟ ಮಲಗತೀರಿ ಮಾಸ್ತರ, ಸಾಲಿ ಗಂಟಿ ಹೊಡದ್ರು’ ಎಂದಳು.