ಎರಡೂವರೆ ಎಳೆಯ ಸೆರಗು

ತಪ್ಪು ನನ್ನದಲ್ಲ ಎಂದು ಮೊದಲೇ ತೀರ್ಮಾನಿಸಿಬಿಡುವುದು ನನ್ನ ಹುಟ್ಟುಗುಣ. ಚಿತ್ರ ಮಸುಕಾದರೆ ಇಂಟರ್ನೆಟ್ಟಿನ ತಪ್ಪು, ಕಂಪ್ಯೂಟರಿನ ತಪ್ಪು, ಇಲ್ಲವೇ ಚಿತ್ರ ಕೊಟ್ಟವರ ತಪ್ಪು. ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನಾನು ವೆಬ್‌ಸೈಟುಗಳಿಗೆ ಅನಿಮೇಷನ್ ಮಾಡಿಕೊಡುತ್ತೇನೆ. ಮಹಾಲಿಂಗಪುರದ ಅಂಗಡಿಯೊಂದಕ್ಕೆ ಬೆಲ್ಲದ ಪೆಂಟಿ ಉರುಳಿ ಬಂದು ನಿಲ್ಲುವ ಹಾಗೆ ಮಾಡಿಕೊಟ್ಟ ಮೇಲಂತೂ ನನಗೆ ಕೋಡು ಮೂಡಿತ್ತು.

ಪಕ್ಕದ ಮನೆ ಕಾಕಾನದು. ಅವನು ಸೀರೆ ನೇಯುತ್ತಾನೆ. ಸೆರಗಿನ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ ಬರೆಯುವವಳು ಅವನ ಹೆಂಡತಿ, ನನ್ನ ಚಿಗವ್ವ. ಆದರೆ ಇಷ್ಟು ವರ್ಷ ಆ ನಕ್ಷೆಗಳೆಲ್ಲ ನೇಕಾರರ ಸೊಸೈಟಿಗೆ ಹೋದದ್ದು ಕಾಕಾನ ಹೆಸರಲ್ಲೇ. ಮಗ್ಗ ಅವನದಾದರೆ ನಕ್ಷೆಯೂ ಅವನದೇ ಎಂದು ಊರೆಲ್ಲ ನಂಬಿತ್ತು. ಕಳೆದ ವರ್ಷ ಸೊಸೈಟಿ ವೆಬ್‌ಸೈಟ್ ಮಾಡಲು ಹೊರಟು, ಆಯ್ದ ಹೊಸ ಸೆರಗುಗಳನ್ನು ಅವುಗಳ ನಕ್ಷೆ ಬರೆದವರ ಹೆಸರಿನೊಂದಿಗೆ ತೋರಿಸುತ್ತೇವೆ ಎಂದಿತು. ಚಿಗವ್ವ ಮೊದಲ ಸಲ ಬಾಯಿಬಿಟ್ಟಳು. ಈ ಸಲದ ನಕ್ಷೆ ತನ್ನ ಹೆಸರಲ್ಲಿ ಹೋಗಲಿ ಎಂದಳು. ಕಾಕಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ವೆಬ್‌ಸೈಟಿನ ಅನಿಮೇಷನ್ ಕೆಲಸವನ್ನು ಸೊಸೈಟಿ ನನಗೇ ಒಪ್ಪಿಸಿದ್ದರಿಂದ ಹಾಳೆ ನನ್ನ ಕೈಗೆ ಬಂತು. ಕೆಂಪು ಸೆರಗಿನ ಮೇಲೆ ಬಿಳಿ ನವಿಲುಗಳ ಸಾಲು. ನಾನೂ ನೇಕಾರರ ಮನೆಯ ಮಗಳಲ್ಲವೇ, ಫೋಟೊ ಹೊಡೆಯದೆ, ಒಂದು ಚೌಕಕ್ಕೆ ಪರದೆಯ ಒಂದು ಚುಕ್ಕಿಯ ಹಾಗೆ ಕಂಪ್ಯೂಟರಿನಲ್ಲಿ ಮತ್ತೆ ಬರೆದೆ. ಬಂದದ್ದು ಅಂಗೈಯಗಲದ ಚಿತ್ರ. ವೆಬ್ ಪುಟದ ಅಗಲಕ್ಕೆ ಸರಿಹೋಗಲೆಂದು ಎರಡೂವರೆ ಪಟ್ಟು ಹಿಗ್ಗಿಸಿ, ಸೆರಗು ಬಿಚ್ಚಿಕೊಳ್ಳುವ ಹಾಗೆ ಚಲನೆ ಕೊಟ್ಟೆ. ನವಿಲುಗಳು ಒದ್ದೆ ಹಾಳೆಯ ಮೇಲಿನ ಶಾಯಿಯ ಹಾಗೆ ಹರಡಿಕೊಂಡವು.

ಎರಡು ದಿನ ಒದ್ದಾಡಿದೆ. ಎಕ್ಸ್‌ಪೋರ್ಟ್ ಗುಣಮಟ್ಟವನ್ನು ತುದಿಗೇರಿಸಿದೆ, ಬ್ರೌಸರ್ ಬದಲಿಸಿದೆ, ಮುಧೋಳದ ಗೆಳತಿಗೆ ಕಳಿಸಿ ಅವಳ ಫೋನಿನಲ್ಲೂ ನೋಡಿಸಿದೆ. ಎಲ್ಲ ಕಡೆ ಅದೇ ಹಣೆಬರಹ. ಮರುದಿನವೇ ಸೊಸೈಟಿಯ ಸಮಿತಿಯವರು ನೋಡುವುದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಚಿಗವ್ವನನ್ನು ಕರೆದು, ನಿನ್ನ ನಕ್ಷೆ ಬಲು ನಾಜೂಕು, ಪರದೆಗೆ ಒಗ್ಗುವುದಿಲ್ಲ, ಸಣ್ಣ ಕೆಲಸವನ್ನೆಲ್ಲ ಅಳಿಸಿಕೊಡು ಎಂದೆ.

ಅವಳು ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡಳು. ರಬ್ಬರ್ ಹಿಡಿದು ನನ್ನ ಪಕ್ಕದಲ್ಲೇ ಕೂತು ಮೊದಲ ನವಿಲಿನ ತುರಾಯಿ ಅಳಿಸಿದಳು. ಎರಡನೆಯದಕ್ಕೆ ಕೈಹಾಕುವ ಮುಂಚೆ ಪರದೆಯ ಹತ್ತಿರ ಮುಖ ತಂದು, ದೊಡ್ಡದು ಮಾಡಿ ತೋರಿಸು ಎಂದಳು. ಮಾಡಿದೆ. ಎಳೆ ಎಣಿಸುವ ಹಾಗೆ ಬೆರಳಿಟ್ಟು ಎಣಿಸಿದಳು.

"ಈ ಗುಲಾಬಿ ಎಲ್ಲಿಂದ ಬಂತು? ನಾ ಕೆಂಪು, ಬಿಳಿ ಎರಡ ಬಣ್ಣ ತುಂಬೇನಿ."

ಎರಡೂವರೆ ಪಟ್ಟು ಹಿಗ್ಗಿಸಿದ್ದೇನೆ ಎಂದೆ.

"ಎರಡೂವರಿ ಎಳಿ ಯಾವ ಮಗ್ಗದಾಗ ನೇಯ್ತಾರ ಯವ್ವಾ? ಚೌಕಕ್ಕ ಎರಡ ಎಳಿ ಅಂದ್ರ ಎರಡ, ಮೂರ ಅಂದ್ರ ಮೂರ."

ನನ್ನ ಬುದ್ಧಿಗೆ ಬೆಂಕಿ ಹಾಕ! ಅರ್ಧ ಚುಕ್ಕಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಸಾಫ್ಟ್‌ವೇರು ಕೆಂಪು ಬಿಳಿ ಕಲಸಿ, ಆ ಗುಲಾಬಿಯನ್ನು ಅಂಚಿಗೆಲ್ಲ ಬಳಿದಿತ್ತು. ಚಿತ್ರವನ್ನು ಸರಿಯಾಗಿ ಮೂರು ಪಟ್ಟು ಮಾಡಿದೆ. ಅಂಚು ನುಣುಪು ಮಾಡುವ ಆಯ್ಕೆಯನ್ನು ಆಫ್ ಮಾಡಿದೆ. ಪುಟಕ್ಕಿಂತ ಅಗಲವಾಯಿತು, ಆಗಲಿ, ಸೆರಗು ಪಕ್ಕಕ್ಕೆ ಸರಿಯುತ್ತ ಕಾಣಲಿ ಎಂದು ಬಿಟ್ಟೆ. ನವಿಲಿನ ಕಣ್ಣು ಕೂಡ ಖಡಕ್ಕಾಗಿ ಕಂಡಿತು.

ಚಿಗವ್ವ ಅಳಿಸಿದ ತುರಾಯಿಯನ್ನು ಮತ್ತೆ ತುಂಬತೊಡಗಿದಳು. ಅವಳ ಕೈ ಹಿಡಿದು ತಪ್ಪಾಯಿತು ಎಂದೆ. ನನ್ನ ಬಾಯಿಂದ ಆ ಮಾತು ಬರುವುದು ಅಪರೂಪ. ನನಗೆ ಕೆಲಸ ಕಲಿಸಿದವರು ಬಹಳ ಜನ. ಆದರೆ ನಾನು ಕೆಡಿಸಹೊರಟದ್ದು ತನ್ನದೇ ಕೆಲಸವಾಗಿದ್ದರೂ ಒಂದು ಬಿರುಸು ಮಾತಾಡದೆ ಕಲಿಸಿದವಳು ಅವಳೊಬ್ಬಳೇ. ಈಗ ಯಾವ ಚಿತ್ರ ಹಿಗ್ಗಿಸುವಾಗಲೂ ಅವಳನ್ನು ನೆನೆಯುತ್ತೇನೆ.

ಮರುದಿನ ಸೊಸೈಟಿಯಲ್ಲಿ ಸೆರಗು ದೊಡ್ಡ ಪರದೆಯ ಮೇಲೆ ಸರಿಯಿತು. ಒಪ್ಪಿಗೆಯಾಯಿತು. ಅಧ್ಯಕ್ಷರು ಎಂದಿನಂತೆ ಕಾಕಾನ ಬೆನ್ನು ತಟ್ಟಿ, ಅವನ ಹೆಸರು ಬರೆದುಕೊಳ್ಳಲು ಪೆನ್ನು ತೆಗೆದರು. ಕಾಕಾ ಒಂದು ಹೆಜ್ಜೆ ಹಿಂದೆ ಸರಿದ.

"ನಂದಲ್ರಿ ಅದು. ಬರದಾಕಿನ್ನ ಕೇಳ್ರಿ."

ಎಲ್ಲರೂ ಬಾಗಿಲ ಹತ್ತಿರ ನಿಂತಿದ್ದ ಚಿಗವ್ವನತ್ತ ತಿರುಗಿದರು. ಅವಳು ಒಳಗೆ ಬಂದು, ಕೇಳುವುದಕ್ಕೂ ಕಾಯದೆ, ಮೂಲೆಯಲ್ಲಿ ಕೂತವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ತನ್ನ ಹೆಸರು ಹೇಳಿದಳು.