ಇಂಜಿನ್ನಿಗೆ ಬಳಿದ ವಿಭೂತಿ

ಮೊನ್ನೆ ನಂಜನಗೂಡಿನಲ್ಲಿ ಹೊಳೆ ಕಡೆ ಹೋಗುವ ರಸ್ತೆಯಲ್ಲಿ ಯಾರೋ ಕಾರಿಗೆ ಪೂಜೆ ಮಾಡಿಸುತ್ತಿದ್ದರು. ಬಾನೆಟ್ ಎತ್ತಿತ್ತು. ಬಿಸಿ ಇಂಜಿನ್ನಿನ ಮೇಲೆ ಹಸಿ ವಿಭೂತಿ ಬಿದ್ದಾಗ ಒಂದು ವಾಸನೆ ಬರುತ್ತೆ, ಸುಟ್ಟ ಆಯಿಲ್ಲು, ಬೂದಿ ಎರಡೂ ಸೇರಿದ್ದು... ಅದು ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿ ತಾನಾಗಿ ‘ಚರ್ರ್... ಕಟ ಕಟ ಕಟ್... ಊಂ’ ಅಂದುಬಿಟ್ಟಿತು. ಪೂಜೆಯವರೆಲ್ಲ ತಿರುಗಿ ನೋಡಿದರು. ನಾನು ಕೆಮ್ಮಿದಂತೆ ನಟಿಸಿದೆ. ಕೆಮ್ಮು ಚೆನ್ನಾಗಿಯೇ ಬಂತು, ಅದು ನಮ್ಮ ತಾತನದು.

ಆ ಸದ್ದು ನಾನು ಕಲಿತದ್ದು ಇದೇ ಊರಿನಲ್ಲಿ, ಕಾರು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯ ಶೆಡ್ಡಿನಲ್ಲಿ. ಎರಡು ಸಾವಿರದ ಇಸವಿಯ ಆಸುಪಾಸು. ಪಿಯುಸಿ ನನ್ನನ್ನು ಬಿಟ್ಟಿತ್ತು, ನಾನು ಪಕ್ಕದ ಕ್ಯಾಸೆಟ್ ಅಂಗಡಿ ಹಿಡಿದಿದ್ದೆ. ವ್ಯಾಪಾರ ಇಲ್ಲದಾಗ ಬಸ್ ಕಂಡಕ್ಟರ್, ಹಾಲಿನ ಡೈರಿಯ ಸೆಕ್ರೆಟರಿ, ತಾಂಡವಪುರದಿಂದ ಬರುತ್ತಿದ್ದ ತರಕಾರಿಯಮ್ಮ, ಎಲ್ಲರ ಹಾಗೂ ಮಾತಾಡುತ್ತಿದ್ದೆ. ನನ್ನ ಸ್ವಂತ ದನಿಯಲ್ಲಿ ಕರೆದರೆ ನಮ್ಮಮ್ಮ ‘ಯಾರು?’ ಅನ್ನುತ್ತಿದ್ದಳು. ಮೇಸ್ತ್ರಿಯನ್ನು ಮಾತ್ರ ಅವರ ಎದುರಿಗೆ ಮಾಡುತ್ತಿರಲಿಲ್ಲ. ಒಮ್ಮೆ ಮಾಡಿದ್ದಕ್ಕೆ, ‘ದೇವ್ರು ನಿಂಗೆ ಮೊಕ ಕೊಡೋದ್ ಮರ್ತು ಬರೀ ಬಾಯಿ ಕೊಟ್ಟವ್ನೆ ಕಣ್ಲಾ’ ಅಂದಿದ್ದರು. ವಾರ ಪೂರ್ತಿ ಬೀದಿ ನನ್ನನ್ನು ‘ಬಾಯಿ’ ಅಂತಲೇ ಕರೆಯಿತು.

ಅವರ ನಾಲಿಗೆ ಹಾಗಿತ್ತು. ಪ್ರೀತಿ ಇದ್ದವರಿಗೆ ‘ಲೇ’. ಯಾರಿಗಾದರೂ ‘ಬನ್ನಿ, ಕೂತ್ಕಳಿ’ ಅಂದರೆ ಅವತ್ತು ಅವನ ಕಥೆ ಮುಗಿಯಿತು ಅಂತ ಅರ್ಥ.

ಇಂಜಿನ್ನಿನ ಕೆಳಗಿನ ಚಕ್ರಕ್ಕೂ ಮೇಲಿನ ಚಕ್ರಕ್ಕೂ ಸೇರಿಸಿ ಒಂದು ಹಲ್ಲಿನ ಬೆಲ್ಟ್ ಇರುತ್ತೆ, ಟೈಮಿಂಗ್ ಬೆಲ್ಟ್. ಎರಡು ಚಕ್ರವೂ ಒಂದೇ ತಾಳಕ್ಕೆ ತಿರುಗಬೇಕು. ಒಂದು ಹಲ್ಲು ಆಚೀಚೆ ಕೂತರೆ ಗಾಡಿ ನಡುಗುತ್ತೆ, ಏರು ಹತ್ತಲ್ಲ. ಇನ್ನೂ ತಪ್ಪಿದರೆ ಒಳಗೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತೆ, ಇಂಜಿನ್ ಹೋಯಿತು. ಮೇಸ್ತ್ರಿ ಬೆಲ್ಟ್ ಬಿಚ್ಚುವ ಮುಂಚೆ ಎಲೆಯಡಿಕೆಯ ಸುಣ್ಣ ತೆಗೆದು ಚಕ್ರಕ್ಕೊಂದು, ಇಂಜಿನ್ನಿನ ಮೈಗೊಂದು ಬೊಟ್ಟಿಡುತ್ತಿದ್ದರು. ಹೊಸ ಬೆಲ್ಟ್ ಹಾಕುವಾಗ ಬೊಟ್ಟಿಗೆ ಬೊಟ್ಟು ಎದುರಾದರೆ ಸರಿ. ಆದರೂ ಕೀಲಿ ಮುಟ್ಟುವ ಮುಂಚೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಬೇಕು. ತಪ್ಪಿದ್ದರೆ ಕೈಗೆ ತಡೆ ಗೊತ್ತಾಗುತ್ತೆ. ಇದು ಅವರ ಶೆಡ್ಡಿನ ಕಾನೂನು. ಮರೆತವನ ತಲೆಗೆ ಅದೇ ಸ್ಪ್ಯಾನರ್.

ಆ ಸ್ಪ್ಯಾನರ್ ಏಟು ತಿಂದೇ ಕಲಿತವನು ಅವರ ಅಳಿಯ. ಶಿಷ್ಯನಾಗಿ ಬಂದ, ಮಗಳನ್ನು ಮದುವೆಯಾದ, ಆಮೇಲೆ ಟಿ. ನರಸೀಪುರದಲ್ಲಿ ತನ್ನದೇ ಅಂಗಡಿ ತೆರೆದ. ಮದುವೆಯನ್ನು ಮೇಸ್ತ್ರಿ ಒಪ್ಪಿಕೊಂಡರು. ಅಂಗಡಿಯನ್ನು ಒಪ್ಪಲಿಲ್ಲ.

ಒಂದು ಬೆಳಿಗ್ಗೆ ಸೋಸಲೆ ಕಡೆಯ ರೈಸ್ ಮಿಲ್ ಸಾವ್ಕಾರ್ರ ಹಳೇ ಪೆಟ್ರೋಲ್ ಕಾರು ನಡುಗುತ್ತಾ ಶೆಡ್ಡಿಗೆ ಬಂತು. ಹಿಂದಿನ ದಿನ ಅಳಿಯನ ಅಂಗಡಿಯಲ್ಲಿ ಬೆಲ್ಟ್ ಬದಲಾಯಿಸಿ, ಸೀದಾ ನಂಜನಗೂಡಿನ ದೇವಸ್ಥಾನಕ್ಕೆ ಬಂದು ಪೂಜೆ ಮಾಡಿಸಿದ್ದರಂತೆ. ಈಗ ಎಳೆಯುತ್ತಿಲ್ಲ. ಬೆಲ್ಟಿನ ಮುಚ್ಚಳ ಒಡೆದಿತ್ತು, ಹೊಸದು ಮೈಸೂರಿಂದ ಬರಬೇಕಿತ್ತು, ಚಕ್ರ ಬೋಳಾಗಿ ಕಾಣುತ್ತಿತ್ತು. ಮೇಸ್ತ್ರಿ ಇಂಜಿನ್ ಆಫ್ ಮಾಡಿಸಿ, ಕೆಳಗಿನ ಚಕ್ರವನ್ನು ಅದರ ಗುರುತಿಗೆ ತಂದು, ಬಗ್ಗಿ ನೋಡಿದರು. ಮೇಲಿನ ಚಕ್ರದ ಬಿಳಿ ಗುರುತು ಎಲ್ಲೋ, ಮೈಮೇಲಿನ ಗುರುತು ಎಲ್ಲೋ. ಮುಖ ಅರಳಿತು... ಮೊಮ್ಮಗ ಹುಟ್ಟಿದಾಗಲೂ ಅಷ್ಟು ಅರಳಿರಲಿಲ್ಲ.

ಎಸ್‌ಟಿಡಿ ಬೂತಿನಿಂದ ಅಳಿಯನಿಗೆ ಫೋನ್ ಹೋಯಿತು. ಅವನು ಬಸ್ ಹತ್ತಿ ಬರುವಷ್ಟರಲ್ಲಿ ಮೇಸ್ತ್ರಿ ಜನ ಸೇರಿಸಿದ್ದರು. ಟೀ ಕೂಡ ಕೊಡಿಸಿದ್ದರು. ನಾನೂ ಕುಡಿದೆ.

‘ಬನ್ನಿ ಅಳಿಯಂದ್ರೇ, ಕೂತ್ಕಳಿ’ ಅಂದರು. ನಾನು ಟೀ ಲೋಟ ಕೆಳಗಿಟ್ಟೆ. ‘ಮೂರು ಅಲ್ಲು ಆಚೆ ಕೂರ್ಸಿದ್ದೀರಿ. ನಿಮ್ಗೆ ಬೆಲ್ಟ್ ಕೊಡೋದು ಒಂದೇ, ಮಗೀನ ಕೈಗೆ ಉಡದಾರ ಕೊಡೋದು ಒಂದೇ.’

‘ಇಲ್ಲ ಮಾವ. ಎರಡು ಸುತ್ತು ತಿರುಗ್ಸಿ ನೋಡೇ ಕೊಟ್ಟಿದ್ದೀನಿ. ಮೂರು ಅಲ್ಲು ತಪ್ಪಿದ್ರೆ ಗಾಡಿ ಇಲ್ಲೀಗಂಟ ಬರ್ತಿತ್ತಾ?’

ಸರಿಯಾದ ಪ್ರಶ್ನೆ. ಆದರೆ ಟೀ ಕುಡಿದವರು ಪ್ರಶ್ನೆ ಕೇಳೋಕೆ ಬಂದಿರಲಿಲ್ಲ.

‘ಅಂಗ್ಡಿ ಬೀಗದ ಕೈ ಇಲ್ಲಿಡಿ. ನಾನು ಸರಿ ಮಾಡಿ ಗಾಡಿ ಓಡ್ಸಿದ್ರೆ ನಾಳೆಯಿಂದ ಇಲ್ಲೇ ಬಂದು ನಟ್ಟು ಬಿಚ್ಚಿ. ನನ್ ಮಗಳಿಗೆ ಊಟಕ್ಕಾದ್ರೂ ಆಯ್ತದೆ.’

ಅಳಿಯ ಬೀಗದ ಕೈ ತೆಗೆದು ರೇಡಿಯೇಟರ್ ಮೇಲಿಟ್ಟ.

ಮೇಸ್ತ್ರಿ ಬೆಲ್ಟ್ ಸಡಿಲಿಸಿ, ಮೇಲಿನ ಚಕ್ರ ತಿರುಗಿಸಿ, ಬಿಳಿಗೆ ಬಿಳಿ ಕೂರಿಸಿದರು. ಅಳಿಯ ಸ್ಪ್ಯಾನರ್ ಎತ್ತಿ ಕೊಟ್ಟ. ‘ಕೈಯಲ್ಲಿ ಎರಡು ಸುತ್ತು, ಮಾವ.’

‘ಕಲ್ಸಿದೋನ್ಗೇ ಕಲಿಸ್ತೀರಾ?’ ಜನ ನಕ್ಕರು. ಆ ನಗು ಕೇಳಿಕೊಂಡೇ ಮೇಸ್ತ್ರಿ ಸೀಟಿಗೆ ಹೋಗಿ ಕೀಲಿ ತಿರುಗಿಸಿದರು.

ಚರ್ರ್... ಕಟ ಕಟ ಕಟ್...

ಕೊನೆಗೊಂದು ಊಂ. ಆಮೇಲೆ ಏನೂ ಇಲ್ಲ, ಇಂಜಿನ್ ಹೋಯಿತು.

ಅಳಿಯ ನಿಧಾನವಾಗಿ ಬಗ್ಗಿದ. ಚಕ್ರದ ಮೇಲಿನ ಬಿಳಿ ಗುರುತನ್ನು ಬೆರಳಿಂದ ಉಜ್ಜಿದ, ಮೂಸಿದ. ಸುಣ್ಣ ಅಲ್ಲ, ವಿಭೂತಿ. ಸಾವ್ಕಾರ್ರು ಭಕ್ತಿ ಜಾಸ್ತಿಯಾಗಿ ಬಾನೆಟ್ ಎತ್ತಿಸಿ, ಬ್ಯಾಟರಿಯಿಂದ ಹಿಡಿದು ಕೈಗೆ ಸಿಕ್ಕಿದ್ದಕ್ಕೆಲ್ಲ ಬಳಿಸಿದ್ದರು. ಅಳಿಯನ ಸುಣ್ಣದ ಬೊಟ್ಟು ಅಲ್ಲೇ ಮೂರು ಹಲ್ಲು ಪಕ್ಕದಲ್ಲಿ, ಆಯಿಲ್ ಮೆತ್ತಿಕೊಂಡು ಮಂಕಾಗಿ ಕೂತಿತ್ತು. ಗಾಡಿ ನಡುಗಿದ್ದು ಇನ್ನೂ ನಗೆಪಾಟಲು: ಹೂವಿನ ಹಾರ ಸಿಕ್ಕಿಸುವಾಗ ಒಂದು ಸಣ್ಣ ಗಾಳಿ ಪೈಪು ಕಿತ್ತುಬಂದಿತ್ತು. ಅಳಿಯ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ.

ಬೀಗದ ಕೈ ಜೇಬಿಗೆ ಹಾಕಿಕೊಂಡ. ಬೆರಳಲ್ಲಿ ಉಳಿದಿದ್ದ ವಿಭೂತಿಯನ್ನು, ಸೀಟಿನಲ್ಲಿ ಕಲ್ಲಾಗಿ ಕೂತಿದ್ದ ಮಾವನ ಹಣೆಗೆ ಅಡ್ಡಡ್ಡ ಎಳೆದ.

‘ತಗೊಳ್ಳಿ ಮಾವ, ಪ್ರಸಾದ.’

ಬಸ್ ಹತ್ತಿ ಹೋದ. ಹೆಂಡತಿಯನ್ನು ಮತ್ತೆ ತೌರಿಗೆ ಕಳಿಸಲಿಲ್ಲ.

ಬೀದಿಗೆ ಒಂದು ಆಟ ಸಿಕ್ಕಿತು. ಟೈರಿಗೆ ಗಾಳಿ ತುಂಬಿಸೋಕೆ ಬಂದವರೂ ‘ಮೇಸ್ತ್ರಿ, ಇಬೂತಿ ತರ್ಬೇಕಾ?’ ಅನ್ನುತ್ತಿದ್ದರು. ನನಗಂತೂ ಬೇಡಿಕೆಯೋ ಬೇಡಿಕೆ. ಗಣಪತಿ ಕೂರಿಸಿದ ಪೆಂಡಾಲಿನಲ್ಲಿ, ಮದುವೆಯಲ್ಲಿ, ದೇವನೂರಿಗೆ ಹೋಗುವ ಬಸ್ಸಿನಲ್ಲಿ ಆ ಸದ್ದು ಮಾಡಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿ ಬೆಲ್ಟ್ ಕೆಲಸ ಬಿಟ್ಟರು. ಬಂದವರಿಗೆಲ್ಲ ‘ಬನ್ನಿ, ಕೂತ್ಕಳಿ’ ಅನ್ನೋಕೆ ಶುರುಮಾಡಿದರು. ಅದರಲ್ಲಿ ವಿಷವೇ ಇರಲಿಲ್ಲ... ಕೇಳೋಕೆ ಹಿಂಸೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ನನ್ನನ್ನು ಕರೆದರು. ‘ಅದೇನೋ ಮಾಡ್ತೀರಂತಲ್ಲ, ಮಾಡ್ರಿ.’

ನನಗೆ ರೀ! ಆದರೂ ಮಾಡಿದೆ. ಮಾಡದೆ ಇರೋಕೆ ನನಗೆ ಬರಲ್ಲ. ಅವರು ಕಣ್ಣು ಮುಚ್ಚಿಕೊಂಡು, ಗಾಡಿ ಕೇಳುವ ಹಾಗೇ ತಲೆ ವಾರೆ ಮಾಡಿ ಕೇಳಿದರು. ಇನ್ನೊಂದು ಸಲ ಮಾಡಿಸಿದರು.

‘ಎಲ್ಲಾ ಸರಿಯಾಗೇ ಅದೆ. ಕೊನೇಲಿ ಊಂ ಅಂತೀರಲ್ಲ, ಅದು ಇಂಜಿನ್ ಅಲ್ಲ.’

‘ಮತ್ತೆ?’

‘ಅದು ನಾನು.’

ಮೇಸ್ತ್ರಿ ಹೋಗಿ ಎರಡು ವರ್ಷವಾಯಿತು. ಶೆಡ್ಡಿನ ಜಾಗದಲ್ಲಿ ಈಗ ಮೊಬೈಲ್ ರೀಚಾರ್ಜ್ ಅಂಗಡಿ. ಮಣ್ಣಿಗೆ ಅಳಿಯ ಬಂದಿದ್ದ, ವಿಭೂತಿ ಹಚ್ಚುವಾಗ ಮಾತ್ರ ದೂರ ಹೋಗಿ ನಿಂತಿದ್ದ. ಅವರು ಹೋದ ಮೇಲೆ ಒಂದೆರಡು ಕಾರ್ಯಕ್ರಮದಲ್ಲಿ ಆ ಕೊನೆಯ ‘ಊಂ’ ಬಿಟ್ಟು ಮಾಡಿ ನೋಡಿದೆ. ಜನ ನಗಲಿಲ್ಲ. ಮತ್ತೆ ಸೇರಿಸಿಕೊಂಡಿದ್ದೀನಿ. ಅವರ ದನಿ ಅಂತ ಈಗ ಎಲ್ಲಾದರೂ ಉಳಿದಿದ್ದರೆ ಅದೊಂದೇ... ಮೊನ್ನೆ ಆ ಕಾರಿನವರು ಪೂಜೆ ಮುಗಿಸಿ ಗಾಡಿ ಸ್ಟಾರ್ಟ್ ಮಾಡಿದರು. ಸಲೀಸಾಗಿ ಹೊರಟಿತು. ನಾನು ಸುಮ್ಮನೆ ಅಲ್ಲೇ ನಿಂತು ಕೇಳುತ್ತಿದ್ದೆ, ಅದು ತಿರುವು ದಾಟಿ ಸದ್ದು ಅಡಗುವವರೆಗೂ.